ನೀಲಿ ಬೆರಳಿನ ನೆತ್ತರು

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಖಾಂಪುನ್ ಮೊದಲು ಹೋಗುತ್ತಿದ್ದದ್ದು ನೂಪಿನ್‌ಳ ಮನೆಗೆ. ಊರಿನ ಆರೋಗ್ಯ ಸ್ವಯಂಸೇವಕಿಯಾಗಿ ಅವಳ ಪಾಲಿಗೆ ಬಂದಿದ್ದದ್ದು ಹನ್ನೆರಡು ಮನೆ. ಹನ್ನೆರಡರಲ್ಲೂ ಒಬ್ಬೊಬ್ಬರು ಸಕ್ಕರೆ ಕಾಯಿಲೆಯವರು. ದಾರಿ ಹಿಡಿದು ಹೋದರೆ ನೂಪಿನ್‌ಳ ಮನೆ ಕಟ್ಟಕಡೆಯದು, ಕೆರೆಯಾಚೆ, ಬಿದಿರು ಮೆಳೆಯ ಪಕ್ಕ. ಆದರೂ ಖಾಂಪುನ್ ಹನ್ನೊಂದು ಮನೆಗಳ ಮುಂದೆ ಸೈಕಲ್ ನಿಲ್ಲಿಸದೆ ನೇರವಾಗಿ ಅಲ್ಲಿಗೇ ಹೋಗಿ, ಆಮೇಲೆ ಒಂದೊಂದಾಗಿ ಹಿಂದಕ್ಕೆ ಬರುತ್ತಿದ್ದಳು. ಯಾರೂ ಏಕೆಂದು ಕೇಳುತ್ತಿರಲಿಲ್ಲ. ಅವರಿಬ್ಬರೂ ಸಿಯಾವ್, ನೂಲು ಕಟ್ಟಿ ಆಣೆಯಿಟ್ಟ ಗೆಳತಿಯರು, ಎಂಬುದು ಊರಿಗೇ ಗೊತ್ತಿತ್ತು.

ಒಂದೇ ವರ್ಷ, ಒಂದೇ ತಿಂಗಳಲ್ಲಿ ಹುಟ್ಟಿದವರು. ಹನ್ನೆರಡು ತುಂಬಿದಾಗ ಹಿರಿಯರು ಇಬ್ಬರನ್ನೂ ಎದುರುಬದುರು ಕೂರಿಸಿ, ಮಣಿಕಟ್ಟಿಗೆ ಬಿಳಿ ನೂಲು ಸುತ್ತಿ ಸಿಯಾವ್ ಕಟ್ಟಿದ್ದರು. ಇನ್ನು ಮೇಲೆ ಒಬ್ಬಳ ಬುಟ್ಟಿಯ ಅನ್ನ ಇನ್ನೊಬ್ಬಳದು, ಒಬ್ಬಳ ನೋವು ಇನ್ನೊಬ್ಬಳದು ಎಂದು ನೂಲು ಕಟ್ಟಿದ ಮುದುಕ ಹೇಳಿದ್ದ. ಅದೇ ವಾರ ನಿಂಬೆಮುಳ್ಳಿನಿಂದ ಕಿವಿ ಚುಚ್ಚಿಸಿಕೊಳ್ಳಲು ಹೋದಾಗ ನೂಪಿನ್ ಹೆದರಿ ಕಂಬ ಹಿಡಿದುಕೊಂಡು ಅತ್ತಿದ್ದಳು. "ಮೊದ್ಲು ಅವಳಿಗೆ ಚುಚ್ಚಿ, ಆಮೇಲೆ ನಂಗೆ" ಎಂದಿದ್ದಳು. ಖಾಂಪುನ್ ತಾನೇ ಮುಂದೆ ಹೋಗಿ ಕೂತಿದ್ದಳು. ಈಗ ಇಬ್ಬರಿಗೂ ಐವತ್ತೊಂಬತ್ತು.

ನೂಪಿನ್‌ಳಿಗೆ ಸಕ್ಕರೆ ಕಾಯಿಲೆ ಬಂದು ಏಳು ವರ್ಷವಾಗಿತ್ತು. ಮೊದಲೆಲ್ಲ ತಿಂಗಳಿಗೊಮ್ಮೆ ಕೋಳಿ ಕೂಗುವ ಮುಂಚೆ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಜಿಲ್ಲಾಕೇಂದ್ರದ ದಾರಿಯಲ್ಲಿದ್ದ ಆಸ್ಪತ್ರೆಗೆ ಹೋಗಬೇಕಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಚಪ್ಪಲಿಗಳ ಸಾಲು. ಮನುಷ್ಯರು ಗೋಡೆಗೊರಗಿ ತೂಕಡಿಸುತ್ತಿದ್ದರೆ ಅವರ ಸರದಿಯನ್ನು ಚಪ್ಪಲಿಗಳು ಕಾಯುತ್ತಿದ್ದವು. ಮಧ್ಯಾಹ್ನ ಡಾಕ್ಟರು ಎರಡು ಮಾತಾಡಿ ಮಾತ್ರೆ ಬರೆದುಕೊಟ್ಟರೆ ಮುಗಿಯಿತು. ಊರಿನವರೆಲ್ಲ ಆ ದಿನಕ್ಕೆ ಮೂರು ದಿನ ಮುಂಚಿನಿಂದ ಅಂಟಕ್ಕಿ ಬಿಟ್ಟು, ಬೇಯಿಸಿದ ಸೊಪ್ಪು ತಿಂದು, ಡಾಕ್ಟರಿಗೆ ತೋರಿಸುವ ಮಟ್ಟಿಗೆ ಒಳ್ಳೆಯವರಾಗುತ್ತಿದ್ದರು. ವಾಪಸು ಬರುವಾಗ ಗಾಡಿ ನಿಲ್ಲಿಸಿ ಸುಟ್ಟ ಕೋಳಿ, ಅಂಟಕ್ಕಿ, ಮೇಲೆ ಬಣ್ಣದ ಶರಬತ್ತು.

ದೊಡ್ಡ ರೋಗದ ವರ್ಷ ಆ ಸಾಲು ನಿಂತುಹೋಯಿತು. ಮುಂದೆ ಆಸ್ಪತ್ರೆಯವರೇ ಹೊಸ ಏರ್ಪಾಟು ಮಾಡಿದರು. ಪ್ರತಿ ರೋಗಿಗೂ ಅಂಗೈಯಲ್ಲಿ ಹಿಡಿಸುವ ಒಂದು ಯಂತ್ರ. ಬೆರಳು ಚುಚ್ಚಿ ಒಂದು ಹನಿ ನೆತ್ತರನ್ನು ಪಟ್ಟಿಗೆ ತಾಗಿಸಿದರೆ ಅಂಕಿ ಮೂಡುತ್ತದೆ. ಅಂಕಿ ಮನೆಯ ಫೋನಿಗೆ ಬರುತ್ತದೆ. ಫೋನು ಕೇಳುತ್ತದೆ, ಕಳಿಸಲೋ ಬಿಸಾಡಲೋ ಎಂದು. ಹಸಿರು ಒತ್ತಿದರೆ ಆಸ್ಪತ್ರೆಗೆ ಹೋಗುತ್ತದೆ, ಕೆಂಪು ಒತ್ತಿದರೆ ಇಲ್ಲ. ತಿಂಗಳಿಗೊಮ್ಮೆ ಡಾಕ್ಟರೇ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಾರೆ. ಸ್ವಯಂಸೇವಕಿ ವಾರಕ್ಕೆರಡು ಸಲ ಹೋಗಿ, ಚುಚ್ಚಿಕೊಂಡದ್ದನ್ನು ಕಣ್ಣಾರೆ ನೋಡಿ, ಹಾಳೆಯಲ್ಲಿ 'ನನ್ನೆದುರಿಗೆ' ಎಂಬ ಚೌಕದಲ್ಲಿ ಗುರುತು ಹಾಕಬೇಕು.

ಮೊದಲ ದಿನ ಫೆಬ್ರವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ನೂಪಿನ್ ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ನೀಲಿ ಮಡಕೆಗಳ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೂಲಿನ ಲಡಿ ಹಿಂಡುತ್ತಿದ್ದಳು. ನಲವತ್ತು ವರ್ಷದಿಂದ ನೂಲಿಗೆ ನೀಲಿ ಬಣ್ಣ ಹಾಕುವವಳು. ಮೊಣಕೈವರೆಗೂ ನೀಲಿ, ಉಗುರಿನೊಳಗೂ ನೀಲಿ. ಆ ಮಡಕೆಗಳ ನಾತ ಕೆರೆಯವರೆಗೂ ಬರುತ್ತಿತ್ತು, ಹುದುಗಿದ ಸೊಪ್ಪಿನದು, ಸುಣ್ಣದ್ದು, ಏನೋ ಕೊಳೆತದ್ದು. ಅವಳ ಮನೆಗೆ ಹೋಗಿಬರುವವರು ಯಾರೂ ಅದನ್ನು ನಾತವೆಂದು ಎಣಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ಬಂದ್ಯಾ ಸೂಜಿ ಹಿಡ್ಕೊಂಡು? ಮುಖ ನೋಡು, ಕಳ್ಳಿ ಥರ ನಗ್ತಿದಾಳೆ."

"ಬೆರಳು ಕೊಡೇ ಸುಮ್ನೆ. ಇರುವೆ ಕಚ್ಚಿದಷ್ಟೂ ನೋಯಲ್ಲ."

"ಇರುವೆ ಕಚ್ಚಿಸ್ಕೊಳ್ಳೋಕೆ ನಾನೇನು ಸಕ್ಕರೆ ಡಬ್ಬಿನಾ?" ಎಂದವಳು, ತನ್ನ ಮಾತಿಗೆ ತಾನೇ ನಕ್ಕು, "ಡಬ್ಬಿನೇ ಅನ್ನು! ಮೊದ್ಲು ನೀನು ಚುಚ್ಕೋ. ನೋಡಿದ ಮೇಲೆ ನಾನು" ಎಂದಳು.

ಖಾಂಪುನ್ ನೂಪಿನ್‌ಳ ಯಂತ್ರದಲ್ಲೇ ತನ್ನ ಬೆರಳು ಚುಚ್ಚಿಕೊಂಡಳು. ತೊಂಬತ್ತಾರು ಬಂತು. ನೂಪಿನ್ ಫೋನನ್ನು ಎತ್ತಿಕೊಂಡು, "ನಿನ್ನದನ್ನ ಬಿಸಾಡ್ದೆ ನೋಡು" ಎಂದು ಒತ್ತಿದಳು. ಖಾಂಪುನ್‌ಳಿಗೆ ಕನ್ನಡಕವಿಲ್ಲದೆ ಫೋನಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದನ್ನು ಹಿಡಿಯುವ ಕೆಲಸ ನೂಪಿನ್‌ಳದೇ ಆಗಿತ್ತು.

"ಈಗ ನಿಂದು."

"ಈ ನೀಲಿ ಬೆರಳಲ್ಲಾ? ನೆತ್ತರ ಜೊತೆ ಬಣ್ಣ ಹೋದ್ರೆ ನಿನ್ನ ಯಂತ್ರ ನನ್ನನ್ನ ಬಟ್ಟೆ ಅನ್ಕೊಳ್ಳುತ್ತೆ. ಈ ಲಡಿ ಮುಗಿಸಿ, ಹುಣಸೆ ಹಾಕಿ ತಿಕ್ಕಿ ತೊಳ್ಕೊಂಡು ಚುಚ್ಕೋತೀನಿ. ನೀನು ಹೋಗೇ, ಹನ್ನೊಂದು ಮನೆ ಕಾಯ್ತಿರ್ತವೆ. ಸೊಸೆ ಇದಾಳಲ್ಲ ನೋಡೋಕೆ."

ಬಣ್ಣದ ಬೆರಳಿನಲ್ಲಿ ಚುಚ್ಚಬಾರದೆಂದು ತರಬೇತಿಯಲ್ಲಿ ನರ್ಸ್ ಕೂಡ ಹೇಳಿದ್ದಳು. ಖಾಂಪುನ್ 'ನನ್ನೆದುರಿಗೆ' ಎಂಬಲ್ಲಿ ಗುರುತು ಹಾಕಿ ಸೈಕಲ್ ಹತ್ತಿದಳು. ಸಿಯಾವ್ ಚುಚ್ಚಿಕೊಂಡರೆ ತಾನೇ ಚುಚ್ಚಿಕೊಂಡ ಹಾಗೆ ಎಂದುಕೊಂಡಳು. ಆಮೇಲೆ ಅದೇ ರೂಢಿಯಾಯಿತು. ಮೊದಲು ಅವಳ ಬೆರಳು, ಒಂದು ನಗು, ಆಮೇಲೆ ಲಡಿ, ಹುಣಸೆ, "ಹೋಗೇ ನೀನು."

ನೂಪಿನ್‌ಳ ಹೆದರಿಕೆ ಬೆರಳಿಗೆ ಚುಚ್ಚುವ ಸೂಜಿಯದಲ್ಲ ಎಂಬುದು ಖಾಂಪುನ್‌ಳಿಗೆ ಗೊತ್ತಿತ್ತು. ಅವಳ ತಾಯಿಗೂ ಇದೇ ಕಾಯಿಲೆ ಇತ್ತು. ಡಾಕ್ಟರು ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಿದ ವರ್ಷವೇ ಒಂದು ಕಾಲು ಹೋಯಿತು, ಮರುವರ್ಷ ತಾಯಿಯೇ ಹೋದಳು. ಇಂಜೆಕ್ಷನ್ ಬಂದರೆ ಹಿಂದೆಯೇ ಕಾಲು ಕತ್ತರಿಸುವ ಗರಗಸ ಬರುತ್ತದೆ ಎಂಬುದು ನೂಪಿನ್‌ಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಕಾಲು ಕೆಟ್ಟದ್ದು ಇಂಜೆಕ್ಷನ್ ತಡವಾದದ್ದಕ್ಕೆ ಎಂದು ಖಾಂಪುನ್ ಎಷ್ಟು ಸಲ ಹೇಳಿದರೂ, "ನೀನು ಆಸ್ಪತ್ರೆ ಅಂಗಿ ಹಾಕ್ಕೊಂಡ ಮೇಲೆ ಅವರ ಥರಾನೇ ಮಾತಾಡ್ತೀಯ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮೊದಲ ಭೇಟಿಯಲ್ಲೇ ಫೋನಿನೊಳಗಿನ ಡಾಕ್ಟರ್ ಪವೀನ್ ಹೇಳಿದ್ದ. ಇನ್ನೂ ಮೂವತ್ತು ದಾಟದ ಹುಡುಗ, ಕಿವಿಯಲ್ಲಿ ಬಿಳಿ ತಂತಿ. "ಅಮ್ಮಾ, ಹಿಂದಿನ ಅಂಕಿಗಳು ಚೆನ್ನಾಗಿಲ್ಲ. ಮೂರು ತಿಂಗಳು ನೋಡ್ತೀನಿ. ಇಳಿದ್ರೆ ಮಾತ್ರೆಲೇ ಸಾಕು. ಇಳೀದಿದ್ರೆ ಇಂಜೆಕ್ಷನ್ ಶುರು ಮಾಡಲೇಬೇಕು."

"ಇಳಿಸ್ತೀನಿ ಡಾಕ್ಟ್ರೇ" ಎಂದಿದ್ದಳು ನೂಪಿನ್.

ಇಳಿಯಿತು. ಮಾರ್ಚಿನಲ್ಲಿ ಡಾಕ್ಟರ್ ಹೊಗಳಿದ. ಏಪ್ರಿಲ್‌ನಲ್ಲಿ ಎರಡು ಮಾತ್ರೆಯಲ್ಲಿ ಒಂದನ್ನು ಕಡಿಮೆ ಮಾಡಿದ. ಉಪಕೇಂದ್ರದ ಸಭೆಯಲ್ಲಿ ನರ್ಸ್ ಎದ್ದು ನಿಂತು, ಖಾಂಪುನ್‌ಳ ರೋಗಿಯಂತೆ ಎಲ್ಲರ ರೋಗಿಗಳೂ ಆಗಬೇಕು ಎಂದಳು. ಮಿಕ್ಕ ಸ್ವಯಂಸೇವಕಿಯರು ಚಪ್ಪಾಳೆ ತಟ್ಟಿದರು. ಖಾಂಪುನ್ ಆ ಸಂಜೆ ಕೆರೆಯ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗಿ ಅದನ್ನು ಹೇಳಿದಾಗ ನೂಪಿನ್ ಹಿಂಡುತ್ತಿದ್ದ ಲಡಿಯಿಂದ ತಲೆಯೆತ್ತಲಿಲ್ಲ. "ನಿನ್ನ ಕೈಗುಣ ಬಿಡೇ" ಎಂದಳು. ಆ ಮಾತನ್ನು ಖಾಂಪುನ್ ಪ್ರೀತಿಯೆಂದು ಮನೆಗೆ ಒಯ್ದಳು.

ಮೇ ತಿಂಗಳ ಒಂದು ಗುರುವಾರ ಖಾಂಪುನ್‌ಳ ಹಿತ್ತಲಿನ ಒಕ್‌ರೋಂಗ್ ಮಾವು ಒಂದೇ ಸಲಕ್ಕೆ ಹಣ್ಣಾಯಿತು. ತಡೆಯಲಾರದೆ ಎರಡು ಹಣ್ಣನ್ನು ತೆಂಗಿನ ಹಾಲು ಹಾಕಿದ ಅಂಟಕ್ಕಿಯ ಜೊತೆ ತಿಂದು, ಬಾಯೊರೆಸಿಕೊಂಡು ಹೊರಟಳು. ಅಂದು ಅವಳ ಬೆರಳಿಗೆ ನೂರ ನಲವತ್ತೆಂಟು ಬಂತು.

"ಅಯ್ಯೋ! ನನ್ನ ಯಂತ್ರ ನಿನ್ನ ಕಳ್ಳತನ ಹಿಡೀತು!" ನೂಪಿನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒರಥೈ, ಬಾರೇ ಇಲ್ಲಿ, ನಿನ್ನ ದೊಡ್ಡಮ್ಮನಿಗೂ ಸಕ್ಕರೆ!"

ಸೊಸೆ ಒರಥೈ ಮೇಲಿನಿಂದ ಇಣುಕಿ ನೋಡಿ, ನಗದೆ ಒಳಗೆ ಹೋದಳು.

"ಎರಡು ಮಾವು ಕಣೇ, ಎರಡೇ ಎರಡು" ಎಂದಳು ಖಾಂಪುನ್.

"ನಂಗೆ ತರಲಿಲ್ಲ ಅಲ್ವಾ? ಸಿಯಾವ್ ಅಂತೆ!"

"ನಿಂಗೆ ತಂದ್ರೆ ಡಾಕ್ಟ್ರು ನನ್ನ ಕಿವಿ ಹಿಂಡ್ತಾನೆ."

ಇಬ್ಬರೂ ಕಣ್ಣೀರು ಬರುವವರೆಗೆ ನಕ್ಕರು. ನೂಪಿನ್ ಫೋನ್ ಒತ್ತಿ ಪಕ್ಕಕ್ಕಿಟ್ಟಳು. ಸೈಕಲ್ ತುಳಿಯುವಾಗಲೂ ಖಾಂಪುನ್‌ಳಿಗೆ ಆ ನಗು ಉಳಿದಿತ್ತು.

ಮುಂದಿನ ಮಂಗಳವಾರ ತಿಂಗಳ ಭೇಟಿ. ಮೂರು ತಿಂಗಳು ತುಂಬಿತ್ತು. ಮಡಕೆಗಳ ಪಕ್ಕದ ಜಗಲಿಯ ಮೇಲೆ ನೂಪಿನ್ ಕಾಲುಗಳನ್ನು ಒಂದು ಪಕ್ಕಕ್ಕೆ ಮಡಚಿ, ಲುಂಗಿಯ ಅಂಚನ್ನು ಪಾದ ಮುಚ್ಚುವಂತೆ ಎಳೆದುಕೊಂಡು ಕೂತಿದ್ದಳು. ಒರಥೈ ಮೆಟ್ಟಿಲ ಮೇಲೆ. ಖಾಂಪುನ್ ಎಂದಿನಂತೆ ಫೋನನ್ನು ನೂಪಿನ್‌ಳ ಮುಖದ ಎದುರು ಹಿಡಿದಿದ್ದಳು. ಡಾಕ್ಟರ್ ಪವೀನ್ ಚೌಕಟ್ಟಿನೊಳಗೆ ಬಂದು ನಮಸ್ಕರಿಸಿದ.

"ಅಮ್ಮಾ, ತುಂಬ ಸಂತೋಷ. ತೊಂಬತ್ತೆಂಟು, ನೂರ ಮೂರು, ತೊಂಬತ್ನಾಲ್ಕು. ನನ್ನ ರೋಗಿಗಳಲ್ಲಿ ಇಷ್ಟು ಸಮವಾಗಿ ಯಾರದ್ದೂ ಇಲ್ಲ. ಒಂದೇ ಒಂದು ದಿನ, ಹೋದ ಗುರುವಾರ, ನೂರ ನಲವತ್ತೆಂಟು ಇದೆ. ಅವತ್ತೇನಾದ್ರೂ ತಿಂದಿದ್ರಾ?"

ನೂಪಿನ್ ರೆಪ್ಪೆ ಬಡಿಯಲಿಲ್ಲ.

"ಮಾವು ತಿಂದ್ಬಿಟ್ಟೆ ಡಾಕ್ಟ್ರೇ. ಎರಡೇ ಎರಡು. ಒಕ್‌ರೋಂಗ್ ಹಣ್ಣು, ತಡೀಲಿಲ್ಲ."

ಡಾಕ್ಟರ್ ನಕ್ಕ. "ಪರವಾಗಿಲ್ಲ ಬಿಡಿ. ಇಂಜೆಕ್ಷನ್ ಮಾತು ಇನ್ನು ಬೇಡ. ಉಳಿದ ಮಾತ್ರೆನೂ ಅರ್ಧ ಮಾಡೋಣ."

ಖಾಂಪುನ್‌ಳ ಕೈಯಲ್ಲಿ ಫೋನು ಅಲುಗಾಡದೆ ನಿಂತಿತ್ತು. ತನ್ನ ಮಾವು. ತನ್ನ ಹಿತ್ತಲಿನದು. ತನ್ನ ಬಾಯಿಂದ ಹೊರಟ 'ಎರಡೇ ಎರಡು' ಕೂಡ. ಅವಳ ಕಣ್ಣು ತಾನಾಗಿಯೇ ತನ್ನ ಎಡಗೈಯ ಬೆರಳ ತುದಿಗೆ ಹೋಯಿತು. ಅಲ್ಲಿ ಮೂರು ತಿಂಗಳ ಕಪ್ಪು ಚುಕ್ಕೆಗಳು ಸಾಸಿವೆಯ ಹಾಗೆ ಕೂತಿದ್ದವು. ಆಮೇಲೆ ನೂಪಿನ್‌ಳ ತೊಡೆಯ ಮೇಲಿನ ಕೈ ನೋಡಿದಳು. ಡಾಕ್ಟರಿಗಾಗಿ ಅಂದು ಚೆನ್ನಾಗಿ ತಿಕ್ಕಿ ತೊಳೆದಿದ್ದ ಕೈ. ತೆಳು ನೀಲಿಯ ಬೆರಳ ತುದಿಗಳು ನುಣ್ಣಗಿದ್ದವು, ಎಲ್ಲೂ ಒಂದು ಚುಕ್ಕೆ ಇರಲಿಲ್ಲ.

"ಕಾಲು ಹೇಗಿದೆ ಅಮ್ಮಾ? ಗಾಯ ಗೀಯ ಏನಾದ್ರೂ?"

"ಏನಿಲ್ಲ ಡಾಕ್ಟ್ರೇ. ಓಡಾಡ್ಕೊಂಡಿದೀನಿ."

ಲುಂಗಿಯ ಅಂಚಿನಿಂದ ನೀಲಿ ಬಟ್ಟೆಯ ತುದಿಯೊಂದು ಹೊರಗೆ ಬಂದಿತ್ತು. ಗಾಯಕ್ಕೆ ನೀಲಿಯಲ್ಲಿ ಅದ್ದಿದ ಬಟ್ಟೆ ಕಟ್ಟುವುದು ಅವರೆಲ್ಲ ಅಜ್ಜಿಯರಿಂದ ಕಲಿತದ್ದು. ಎರಡು ವಾರದಿಂದ ಆ ಬಟ್ಟೆಯನ್ನು ಖಾಂಪುನ್ ನೋಡುತ್ತಿದ್ದಳು. ಬಣ್ಣ ಸೋರಿದ್ದಕ್ಕೆ ಸುತ್ತಿಕೊಂಡಿದ್ದಾಳೆ ಎಂದುಕೊಂಡಿದ್ದಳು. ಮಡಕೆಗಳ ಕಡೆಯಿಂದ ಬರುವುದೆಂದು ಅವಳು ತಿಳಿದಿದ್ದ ನಾತ ಈಗ ಮಡಕೆಗಳ ಕಡೆಯಿಂದ ಬರುತ್ತಿರಲಿಲ್ಲ.

ಅವಳು ಹೇಳಬಹುದಾಗಿತ್ತು. ಫೋನನ್ನು ಮುಖದಿಂದ ಕೆಳಗಿಳಿಸಿ, ಇನ್ನೊಂದು ಕೈಯಿಂದ ಲುಂಗಿಯ ಅಂಚು ಸರಿಸಿ, ಬಟ್ಟೆಯ ಗಂಟು ಎಳೆದಳು. ಕಾಲಿನ ಎರಡು ಬೆರಳು ಕಪ್ಪಗೆ ಬಾತಿದ್ದವು. ಅಡಿಯಲ್ಲಿ ಗಾಯ ಬಾಯಿ ತೆರೆದಿತ್ತು.

"ಏನ್ ಮಾಡ್ತಿದೀಯೇ?" ನೂಪಿನ್ ಕಾಲೆಳೆದುಕೊಳ್ಳಲು ನೋಡಿದಳು. "ಫೋನ್ ಮುಚ್ಚೇ! ಮುಚ್ಚು ಅಂದೆ!"

ಡಾಕ್ಟರ ದನಿ ಬೇರೆಯಾಗಿತ್ತು. "ಇನ್ನೂ ಹತ್ರ ತನ್ನಿ. ಇನ್ನೂ ಹತ್ರ. ಈಗಲೇ ಗಾಡಿ ಮಾಡ್ಕೊಂಡು ಬನ್ನಿ. ನಾಳೆ ಅಲ್ಲ, ಈಗಲೇ."

"ಆ ಅಂಕಿಗಳು ಅವಳದಲ್ಲ ಡಾಕ್ಟ್ರೇ" ಎಂದಳು ಖಾಂಪುನ್. "ಅವೆಲ್ಲ ನಂದು."

ಪಿಕಪ್ ಬರುವವರೆಗೆ ಒರಥೈ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಖಾಂಪುನ್ ಅವಳ ಪಕ್ಕ ಹೋಗಿ ನಿಂತಳು.

"ನಿಂಗೆ ಗೊತ್ತಿತ್ತಾ?"

"ನಿಮಗೇ ಗೊತ್ತಿತ್ತು ಅಂತ ನಾವು ತಿಳ್ಕೊಂಡಿದ್ವಿ ದೊಡ್ಡಮ್ಮಾ." ಒರಥೈ ತಲೆಯೆತ್ತದೆ ಹೇಳಿದಳು. "ಅತ್ತೆ ಹೇಳಿದ್ರು, ಅವಳು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರ್ತಾಳೆ, ನೀನೂ ಹಾಗೇ ಇರು ಅಂತ. ವಾರಕ್ಕೆರಡು ಸಲ ಬಂದು ನಿಮ್ಮ ಬೆರಳೇ ಕೊಟ್ಟು ಹೋಗ್ತಿದ್ರಲ್ಲ. ಯಾರಿಗಾದ್ರೂ ಬೇರೆ ಥರ ಅನ್ಸುತ್ತಾ?"

ಖಾಂಪುನ್‌ಳಿಗೆ ಮಾವಿನ ಮಾತಿಗಿಂತ ಇದು ಹೆಚ್ಚು ನಾಟಿತು. ಮೂರು ತಿಂಗಳು ಈ ಮನೆಯವರು ಅವಳಿಗೆ ಚಹಾ ಕೊಟ್ಟದ್ದು, ನಕ್ಕದ್ದು, ಬಾಗಿಲವರೆಗೆ ಬಂದು ಕಳಿಸಿದ್ದು ಎಲ್ಲವೂ ಸುಳ್ಳಿನ ಪಾಲುಗಾರಳಿಗೆ ಮಾಡಿದ ಉಪಚಾರ. ಅವಳೊಬ್ಬಳೇ ಅದನ್ನು ಅರಿಯದೆ ಕುಡಿದಿದ್ದಳು.

ಗಾಡಿಯ ಹಿಂಬದಿಯಲ್ಲಿ ಚಾಪೆ ಹಾಸಿ ನೂಪಿನ್‌ಳನ್ನು ಮಲಗಿಸಿದರು. ಖಾಂಪುನ್ ತಲೆಯ ಹತ್ತಿರ ಕೂತಳು. ಹೊರಗೆ ಹೊಲಗಳಲ್ಲಿ ಮೊದಲ ಉಳುಮೆ ನಡೆದಿತ್ತು.

"ಏನಾಯ್ತು ಕಾಲಿಗೆ?" ಎಂದು ಖಾಂಪುನ್ ಕೇಳಿದಳು.

"ಸುಣ್ಣ ಸುಡೋ ಚಿಪ್ಪು ತುಳಿದೆ. ನೋಯ್ಲೇ ಇಲ್ಲ. ನೋಯದೆ ಇದ್ದದ್ದು ಗಾಯನಾ ಅನ್ಕೊಂಡೆ."

"ನನ್ನ ಹತ್ರ ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ಇವತ್ತು ಮಾಡಿದ್ದನ್ನ ಅವತ್ತೇ ಮಾಡ್ತಿದ್ದೆ." ನೂಪಿನ್ ಆಕಾಶ ನೋಡುತ್ತಿದ್ದಳು. "ಒಬ್ಬಳದು ಇನ್ನೊಬ್ಬಳದು ಅಂತ ನೂಲು ಕಟ್ಟಿದ್ರಲ್ಲ. ಒಂದು ಹನಿ ನೆತ್ತರು ತಗೊಂಡೆ. ಅದೇನು ದೊಡ್ಡದು?"

"ತಗೊಂಡಿದ್ದಕ್ಕಲ್ಲ. ಕೇಳಲಿಲ್ಲವಲ್ಲೇ."

"ಕೇಳಿದ್ರೆ ಕೊಡ್ತಿದ್ಯಾ?"

ಗಾಡಿ ಒಂದು ಹಳ್ಳಕ್ಕೆ ಬಿದ್ದು ಎದ್ದಿತು. ಖಾಂಪುನ್ ನೂಪಿನ್‌ಳ ತಲೆ ಅಲುಗದಂತೆ ಹಿಡಿದುಕೊಂಡಳು.

"ಇಲ್ಲ" ಎಂದಳು.

"ಅದಕ್ಕೇ ಕೇಳಲಿಲ್ಲ."

ಕಾಲಿನ ಎರಡು ಬೆರಳು ತೆಗೆದರು. ಇನ್ನೊಂದು ವಾರ ಕಳೆದಿದ್ದರೆ ಮೊಣಕಾಲಿನವರೆಗೆ ಹೋಗಬೇಕಾಗಿತ್ತು ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದರು. ಇಂಜೆಕ್ಷನ್ ಶುರುವಾಯಿತು. ಇಂಜೆಕ್ಷನ್ನೂ ಕಾಲಿನ ಕತ್ತರಿಯೂ ಒಂದೇ ವಾರದಲ್ಲಿ ಬಂದದ್ದರಿಂದ ನೂಪಿನ್‌ಳ ನಂಬಿಕೆ ಇನ್ನಷ್ಟು ಗಟ್ಟಿಯಾಯಿತೇ ಹೊರತು ಸಡಿಲಾಗಲಿಲ್ಲ.

ಉಪಕೇಂದ್ರದಲ್ಲಿ ನರ್ಸ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. 'ನನ್ನೆದುರಿಗೆ' ಎಂಬ ಚೌಕಗಳಲ್ಲೆಲ್ಲ ಖಾಂಪುನ್‌ಳ ದುಂಡನೆಯ ಗುರುತು.

"ನೋಡಿದ್ರಾ ಅಕ್ಕಾ?"

"ನೋಡಲಿಲ್ಲ."

"ಒಂದು ಸಲನೂ?"

"ಒಂದು ಸಲನೂ ಇಲ್ಲ. ಸಿಯಾವ್ ಅಂತ ಹಾಕಿದೆ."

ಅವಳನ್ನು ತೆಗೆದುಹಾಕಲಿಲ್ಲ. ಆ ಸಭೆಯಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ, ಅಷ್ಟೆ. ಊರಿನಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ಸೊಪ್ಪು ಮಾರುವವಳು ಕೋಸಂಬರಿಗೆ ಹಸಿ ಪಪ್ಪಾಯಿ ಕುಟ್ಟುತ್ತ, ಖಾಂಪುನ್‌ಳಿಗೆ ಕೇಳುವಂತೆಯೇ ಹೇಳಿದಳು: "ಸಿಯಾವ್‌ಗೋಸ್ಕರ ಸುಳ್ಳು ಗುರುತು ಹಾಕಿದ್ಲು. ಆಮೇಲೆ ಸಿಯಾವ್‌ನೇ ಹಿಡ್ಕೊಟ್ಲು. ಎರಡೂ ಕಡೆ ತಿಂದವಳು." ಖಾಂಪುನ್ ಕೈಯಲ್ಲಿದ್ದ ಬದನೆಕಾಯಿಗಳನ್ನು ಬುಟ್ಟಿಗೆ ವಾಪಸು ಹಾಕಿ ಹೊರಟಳು.

ಮೂರು ವಾರದ ಮೇಲೆ ನೂಪಿನ್ ಮನೆಗೆ ಬಂದಾಗ ಬೆದರಿ ಚದುರಿಹೋದ ಅವಳ ಪ್ರಾಣಗಳನ್ನು ಮತ್ತೆ ಮೈಗೆ ಕರೆಯುವ ಶಾಸ್ತ್ರ ಮಾಡಿದರು. ಬಾಳೆಯೆಲೆಯ ಗೋಪುರ, ಹೂವು, ಬೇಯಿಸಿದ ಮೊಟ್ಟೆ, ಬಿಳಿ ನೂಲು. ಬಂದವರೆಲ್ಲ ಒಬ್ಬೊಬ್ಬರಾಗಿ ಅವಳ ಮಣಿಕಟ್ಟಿಗೆ ನೂಲು ಕಟ್ಟಿ, ಕಿವಿಯಲ್ಲಿ ಒಳ್ಳೆಯ ಮಾತು ಹೇಳಿದರು. ನೂಪಿನ್ ಒಬ್ಬೊಬ್ಬರನ್ನೂ ಏನೋ ಕೇಳಿ ನಗಿಸಿದಳು. ಖಾಂಪುನ್‌ಳ ಸರದಿ ಬಂದಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆಂದು ಎಲ್ಲರೂ ಕಾಯುತ್ತಿದ್ದರು. ಎಳೆದುಕೊಳ್ಳಲಿಲ್ಲ. ಎಲ್ಲರಿಗೂ ಕೊಟ್ಟ ಹಾಗೆಯೇ ಕೊಟ್ಟಳು, ಬಾಳೆಗೋಪುರದ ತುದಿಯ ಹೂವನ್ನು ನೋಡುತ್ತ. ಖಾಂಪುನ್ ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತು ಬಿಟ್ಟು, ಬರೀ ಗಂಟು ಹಾಕಿ ಎದ್ದಳು.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಮೊದಲು ಅಲ್ಲಿಗೇ ಹೋದಳು. ಯಜಮಾನಿಯಿಲ್ಲದ ಮೂರು ವಾರದಲ್ಲಿ ಹುದುಗು ನಿಂತು ನೀಲಿ ಮಡಕೆಗಳೆಲ್ಲ ಸತ್ತಿದ್ದವು. ಮೇಲೆ ಬೂದು ಕೆನೆ ಕಟ್ಟಿತ್ತು, ನಾತವೂ ಇರಲಿಲ್ಲ. ನೂಪಿನ್ ಜಗಲಿಯ ಮೇಲೆ ಪಟ್ಟಿ ಸುತ್ತಿದ ಕಾಲನ್ನು ಚಾಚಿಕೊಂಡು ಕೂತಿದ್ದಳು. ಅವಳ ಕೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಆ ಬಣ್ಣದ ಕೈಯನ್ನು ಖಾಂಪುನ್ ಅವಳ ಮದುವೆಗೆ ಮುಂಚೆ ನೋಡಿದ್ದು.

ಯಂತ್ರ ತೆಗೆದು, ಪಟ್ಟಿ ಸಿಕ್ಕಿಸಿ, ಕನ್ನಡಕ ಹಾಕಿಕೊಂಡಳು. ಅಭ್ಯಾಸಬಲದಿಂದ ಹತ್ತಿಯಿಂದ ತನ್ನ ಎಡಗೈಯ ಬೆರಳನ್ನೇ ಮೊದಲು ಒರೆಸಿದಳು.

"ನಿಂದು ಬೇಡ" ಎಂದಳು ನೂಪಿನ್. ಬೆರಳು ಮುಂದೆ ಚಾಚಿದಳು. "ಚುಚ್ಚು. ಚೆನ್ನಾಗಿ ನೋಡ್ಕೊ, ಆಮೇಲೆ ನೋಡಲಿಲ್ಲ ಅಂತ ಹೇಳ್ಬೇಡ."

ಖಾಂಪುನ್ ಆ ಬೆರಳು ಹಿಡಿದು ಚುಚ್ಚಿದಳು. ಹನಿ ಬಂತು. ಇನ್ನೂರ ಹನ್ನೊಂದು. ಫೋನನ್ನು ತಾನೇ ಎತ್ತಿಕೊಂಡು, ಅಕ್ಷರ ನೋಡಿ, ಹಸಿರು ಒತ್ತಿದಳು. 'ನನ್ನೆದುರಿಗೆ' ಎಂಬಲ್ಲಿ ಗುರುತು ಹಾಕಿದಳು.

"ನೋಯ್ತಾ?" ಎಂದು ಕೇಳಿದಳು.

ನೂಪಿನ್ ಹತ್ತಿಯನ್ನು ಬೆರಳಿಗೆ ಒತ್ತಿಕೊಂಡು ಮಡಕೆಗಳ ಕಡೆ ತಿರುಗಿದಳು. "ಹನ್ನೊಂದು ಮನೆ ಕಾಯ್ತಿರ್ತವೆ" ಎಂದಳು.

ಖಾಂಪುನ್ ಯಂತ್ರ, ಹಾಳೆ ಎತ್ತಿಟ್ಟಳು. ಒರಥೈ ಚಹಾ ತರಲಿಲ್ಲ. ಖಾಂಪುನ್ ಸೈಕಲ್ ಹತ್ತಿ ಕೆರೆಯ ಏರಿಯ ಮೇಲೆ ಹಿಂದಿರುಗಿದಳು.

ಆ ವಾರದ ಗುರುವಾರದಿಂದ ಅವಳು ದಾರಿ ಹಿಡಿದು ಹೋದಂತೆ ಮನೆಗಳನ್ನು ನೋಡತೊಡಗಿದಳು. ಮೊದಲು ರಸ್ತೆ ಬದಿಯ ಮರಗೆಲಸದವನದು, ಆಮೇಲೆ ಮಠದ ಹಿಂದಿನದು, ಹಾಗೇ ಒಂದೊಂದಾಗಿ. ನೂಪಿನ್‌ಳ ಮನೆ ಹನ್ನೆರಡನೆಯದು. ಅಲ್ಲಿ ತಲುಪುವಾಗ ಬಿಸಿಲು ಏರಿರುತ್ತಿತ್ತು, ನೂಪಿನ್ ಬೆರಳು ತೊಳೆದುಕೊಂಡು ಸಿದ್ಧಳಾಗಿ ಕೂತಿರುತ್ತಿದ್ದಳು.